ಬೋರ್ಡಿಗಿಂತ ಮೊದಲು ಬೂಟು, ಬೂಟಿಗಿಂತ ಮೊದಲು ಗೆಳೆಯರು

ನಮ್ಮ ಕೌಂಟರಿಗೆ ಬರುವವರಲ್ಲಿ ಹೆಚ್ಚಿನವರು ಮಾತು ಶುರು ಮಾಡುವ ಮೊದಲೇ ಫೋನು ತೆಗೆಯುತ್ತಾರೆ. ಅದರಲ್ಲೊಂದು ಸ್ನೋಬೋರ್ಡಿನ, ಅಂದರೆ ಹಿಮದ ಮೇಲೆ ನಿಂತು ಜಾರುವ ಹಲಗೆಯ, ಫೋಟೋ ಇರುತ್ತದೆ. ಮೇಲೆ ತೋಳದ ಚಿತ್ರವೋ, ಬೆಂಕಿಯ ಚಿತ್ರವೋ. "ಇದು ನನಗೆ ಸರಿಹೋಗುತ್ತಾ?" ಅಂತ ಕೇಳುತ್ತಾರೆ. ನಾನು ಫೋಟೋ ನೋಡುವ ಮೊದಲೇ "ಯಾರ ಜೊತೆ ಹೋಗ್ತಾ ಇದ್ದೀರಿ?" ಅಂತ ಕೇಳುತ್ತೇನೆ. ಚಪ್ಪಲಿ ಕೊಳ್ಳಲು ಬಂದವನ ಹತ್ತಿರ ಮದುವೆಗೆ ಯಾರ್ಯಾರು ಬರ್ತಾರೆ ಅಂತ ವಿಚಾರಿಸಿದ ಹಾಗೆ ಅವರಿಗೆ ಅನಿಸುತ್ತದೆ.

ಬೆಳಿಗ್ಗೆ ಇಳಿಜಾರಿನಲ್ಲಿ ಕಲಿಸುವುದು, ಸಂಜೆ ಅಂಗಡಿಯಲ್ಲಿ ಬೂಟು ಹೊಂದಿಸುವುದು. ಹದಿನೈದು ಚಳಿಗಾಲದಿಂದ ನನ್ನ ಕೆಲಸ ಇದೇ. ಹಾಳಾದ ಟ್ರಿಪ್‌ಗಳ ಕಥೆ ಸಾಕಷ್ಟು ಕೇಳಿದ್ದೇನೆ. ಬೋರ್ಡ್ ಸರಿ ಇರಲಿಲ್ಲ ಅನ್ನುವ ಕಥೆ ಅಪರೂಪ. ಕಾಲು ನೋವು, ಇಲ್ಲವೇ ಜೊತೆಯವರ ಜೊತೆ ಹೊಂದಾಣಿಕೆ ಆಗಲಿಲ್ಲ, ಈ ಎರಡೇ ಜಾಸ್ತಿ.

ಜೊತೆಯವರು ಪಾರ್ಕ್‌ನಲ್ಲಿ, ಅಂದರೆ ಹಿಮದ ದಿಬ್ಬಗಳನ್ನು ಕಟ್ಟಿಟ್ಟ ಜಾಗದಲ್ಲಿ, ಜಿಗಿಯುವವರಾದರೆ ನಿಮಗೆ ಬೇಕಾದದ್ದು ಒಂದು ಥರದ ಬೋರ್ಡು. ಮರಗಳ ನಡುವೆ ಹೊಸ ಹಿಮ ಹುಡುಕುವವರಾದರೆ ಇನ್ನೊಂದು ಥರದ್ದು. ಎಲ್ಲರೂ ಹೊಸಬರಾದರೆ ಬೋರ್ಡು ಕೊಳ್ಳುವುದೇ ಬೇಡ, ಬಾಡಿಗೆಗೆ ಸಿಗುತ್ತದೆ. ಆದರೆ ಬೂಟು ಮಾತ್ರ ನಿಮ್ಮದೇ ಇರಲಿ. ಯಾರ್ಯಾರದೋ ಕಾಲಿನ ಆಕಾರಕ್ಕೆ ಒಗ್ಗಿ ಮೆತ್ತಗಾದ ಬಾಡಿಗೆ ಬೂಟಿನಲ್ಲಿ ಕಲಿಯುವುದು ಸುಮ್ನೆ ಕಷ್ಟ ಪಟ್ಟ ಹಾಗೆ.

ಬೂಟಿನ ಅಳತೆಗೆ ಮಾಂಡೋಪಾಯಿಂಟ್ ಅಂತ ಒಂದು ಲೆಕ್ಕವಿದೆ. ಅರ್ಥ ತುಂಬಾ ಸುಲಭ. 26.5 ಎಂದರೆ 26.5 ಸೆಂ.ಮೀ. ಉದ್ದದ ಪಾದ. ಹಿಮ್ಮಡಿಯನ್ನು ಗೋಡೆಗೆ ಒತ್ತಿ ನಿಂತು, ಅತಿ ಉದ್ದದ ಬೆರಳಿನ ತುದಿಯವರೆಗೆ ಅಳೆಯಿರಿ. ಸಂಜೆ ಅಳೆದರೆ ಒಳ್ಳೆಯದು, ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ. ಎರಡೂ ಕಾಲು ಅಳೆಯಿರಿ, ಒಂದೇ ಸಮ ಇರುವುದು ಕಡಿಮೆ. ದಿನನಿತ್ಯದ ಶೂ ನಂಬರು ಇಲ್ಲಿ ಮರೆತುಬಿಡಿ. ನಾವೆಲ್ಲ ಶೂ ಒಂದಷ್ಟು ದೊಡ್ಡದನ್ನೇ ಹಾಕುತ್ತೇವೆ.

ಬೂಟು ಹಾಕಿ, ಪೂರ್ತಿ ಬಿಗಿದು, ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂದಿನ ಗೋಡೆಗೆ ಮೆಲ್ಲಗೆ ತಾಗಬೇಕು. ಮಂಡಿ ಬಗ್ಗಿಸಿದಾಗ ಬೆರಳು ಒಂಚೂರು ಹಿಂದೆ ಸರಿಯಬೇಕು. ಆಮೇಲೆ ಬೂಟಿನ ಮುಂಭಾಗ ನೆಲಕ್ಕೆ ಒತ್ತಿ ಹಿಮ್ಮಡಿ ಎತ್ತಲು ನೋಡಿ. ಬೂಟಿನೊಳಗೆ ಹಿಮ್ಮಡಿ ಎದ್ದರೆ ಆ ಬೂಟು ನಿಮ್ಮದಲ್ಲ. ಎಷ್ಟೇ ಚೆನ್ನಾಗಿ ಕಾಣಲಿ, ಬಿಟ್ಟುಬಿಡಿ. ಬೋರ್ಡಿನ ಮುಂಗಾಲಿನ ಅಂಚನ್ನು, ಅಂದರೆ ಟೋ ಎಡ್ಜ್ ಅನ್ನು, ಹಿಮಕ್ಕೆ ಒತ್ತುವಾಗ ಮಾಡುವುದು ಇದೇ ಕೆಲಸ. ಬೂಟು ಸಡಿಲವಾದರೆ ಹಿಮ್ಮಡಿ ಮೊದಲು ಬೂಟಿನೊಳಗೆ ಏಳುತ್ತದೆ, ಬೋರ್ಡು ಆಮೇಲೆ ತಿರುಗುತ್ತದೆ. ಆ ಒಂದು ಕ್ಷಣದ ತಡವೇ ಬೀಳಿಸುತ್ತದೆ.

"ಒಂದು ಸೈಜು ದೊಡ್ಡದು ಕೊಡಿ, ದಪ್ಪ ಸಾಕ್ಸ್ ಹಾಕಿದರೆ ಬೆಚ್ಚಗಿರುತ್ತೆ" ಅನ್ನುವವರು ವಾರಕ್ಕೊಬ್ಬರಾದರೂ ಬರುತ್ತಾರೆ. ಆಗುವುದು ತಿರುವುಮುರುವು. ದೊಡ್ಡ ಬೂಟಿನಲ್ಲಿ ಕಾಲು ಅಲ್ಲಾಡುತ್ತದೆ. ಅಲ್ಲಾಡುತ್ತದೆ ಅಂತ ಲೇಸ್ ಇನ್ನೂ ಬಿಗಿಯುತ್ತಾರೆ. ಪಾದದ ಮೇಲ್ಭಾಗ ಒತ್ತಿ ರಕ್ತ ಓಡುವುದು ಕಡಿಮೆಯಾಗುತ್ತದೆ. ಬೆರಳು ಮರಗಟ್ಟುತ್ತದೆ. ಕೊನೆಗೆ ಎರಡು ಜೊತೆ ಸಾಕ್ಸ್ ಹಾಕುತ್ತಾರೆ, ಅದು ಒಳಗೆ ಮಡಚಿಕೊಂಡು ಗುಳ್ಳೆ ಏಳುತ್ತದೆ. ಸರಿಯಾದ ಬೂಟು, ತೆಳ್ಳಗಿನ ಉಣ್ಣೆಯ ಒಂದೇ ಸಾಕ್ಸ್, ಇಷ್ಟೇ ಸಾಕು. ಇನ್ನೊಂದು ವಿಷಯ, ಒಳಗಿನ ಮೆತ್ತೆ ಬಳಸಿದಂತೆ ಅಮುಕಿಕೊಂಡು ಜಾಗ ಬಿಡುತ್ತದೆ. ಹಾಗಾಗಿ ಮೊದಲ ದಿನ ಹಿತವಾಗಿ ಬಿಗಿ ಅನಿಸುವ ಬೂಟೇ ಹತ್ತನೇ ದಿನಕ್ಕೆ ಸರಿ ಅನಿಸುವುದು. ಟ್ರಿಪ್‌ಗೆ ಮೊದಲು ಮನೆಯಲ್ಲಿ ಹಾಕಿಕೊಂಡು ಅರ್ಧ ಗಂಟೆ ಓಡಾಡಿ. ಮನೆಯವರು ನಗಲಿ ಬಿಡಿ.

ಈಗ ಬೋರ್ಡು. ಇಲ್ಲಿ ನನ್ನದೇ ಒಂದು ಪೆದ್ದುತನ ಹೇಳಲೇಬೇಕು. ಮೂರನೇ ಚಳಿಗಾಲದಲ್ಲಿ ನನ್ನ ತೂಕ 62 ಕೆ.ಜಿ. ಗೆಳೆಯರೆಲ್ಲ ಕಡಿದಾದ ಇಳಿಜಾರಿನ ಹುಚ್ಚು ಹಿಡಿದವರು. ಅವರ ಸಮಕ್ಕೆ ಇರಬೇಕು ಅಂತ 163 ಸೆಂ.ಮೀ. ಉದ್ದದ, ಹಲಗೆಯಷ್ಟು ಗಟ್ಟಿಯಾದ ಬೋರ್ಡು ತಗೊಂಡೆ. ಎರಡು ಚಳಿಗಾಲ ಅದು ಹೇಳಿದಂತೆ ನಾನು ಕೇಳಿದೆ. ನಾನು ಹೇಳಿದ್ದನ್ನು ಅದು ಒಂದು ದಿನವೂ ಕೇಳಲಿಲ್ಲ.

ಬೋರ್ಡನ್ನು ಪಕ್ಕಕ್ಕೆ ನಿಲ್ಲಿಸಿ ಗಲ್ಲದಿಂದ ಮೂಗಿನವರೆಗೆ ಬಂದರೆ ಸರಿ ಅನ್ನುವ ಮಾತು ಕೇಳಿರುತ್ತೀರಿ. ಅಂದಾಜಿಗೆ ಪರವಾಗಿಲ್ಲ. ಆದರೆ ನೀವು ಎಷ್ಟು ಎತ್ತರ ಅಂತ ಬೋರ್ಡಿಗೆ ಗೊತ್ತಾಗುವುದಿಲ್ಲ, ಎಷ್ಟು ಭಾರ ಅಂತ ಗೊತ್ತಾಗುತ್ತದೆ. ಪ್ರತಿ ಉದ್ದಕ್ಕೂ ಇಂತಿಷ್ಟು ತೂಕ ಅಂತ ತಯಾರಕರು ಪಟ್ಟಿ ಕೊಟ್ಟಿರುತ್ತಾರೆ. ಅದರ ನಡುವೆ ಬಂದರೆ ಒಳ್ಳೆಯದು. ಆಮೇಲೆ ಅಗಲ. ಬೂಟಿನ ತುದಿ ಬೋರ್ಡಿನ ಅಂಚಿನಿಂದ ಒಂದೆರಡು ಸೆಂ.ಮೀ. ಹೊರಗೆ ಬಂದರೆ ತೊಂದರೆಯಿಲ್ಲ, ಬೇಕೂ ಬೇಕು. ಜಾಸ್ತಿ ಬಂದರೆ ಬೋರ್ಡು ವಾಲಿಸಿದಾಗ ಬೂಟೇ ಹಿಮಕ್ಕೆ ಉಜ್ಜಿ ಅಂಚು ಮೇಲೇಳುತ್ತದೆ, ನೀವು ಕೆಳಗೆ ಹೋಗುತ್ತೀರಿ. ಅಮೆರಿಕನ್ ಅಳತೆಯಲ್ಲಿ 11ರ ಆಚೆಗಿನ ಪಾದದವರು ಅಗಲದ ಬೋರ್ಡುಗಳನ್ನೇ ನೋಡಬೇಕು.

ಕ್ಯಾಂಬರ್, ರಾಕರ್ ಅಂತ ಕೇಳಿ ಹೆದರಬೇಡಿ. ಬೋರ್ಡನ್ನು ನೆಲದ ಮೇಲಿಟ್ಟು ಪಕ್ಕದಿಂದ ನೋಡಿ. ನಡುಭಾಗ ಬಿಲ್ಲಿನಂತೆ ಮೇಲೆದ್ದಿದ್ದರೆ ಕ್ಯಾಂಬರ್. ಮೇಲೆ ನಿಂತಾಗ ಅದು ಚಪ್ಪಟೆಯಾಗಿ ಉದ್ದಕ್ಕೂ ಅಂಚನ್ನು ಹಿಮಕ್ಕೆ ಒತ್ತುತ್ತದೆ. ಗಟ್ಟಿ ಹಿಮದಲ್ಲಿ ಹಿಡಿತ ಚೆನ್ನಾಗಿರುತ್ತದೆ, ತಪ್ಪು ಮಾಡಿದರೆ ಕ್ಷಮೆ ಕಡಿಮೆ. ತೊಟ್ಟಿಲಿನಂತೆ ನಡು ಕೆಳಗಿದ್ದು ಎರಡು ತುದಿ ಎದ್ದಿದ್ದರೆ ರಾಕರ್. ಅಂಚು ಅಷ್ಟು ಸುಲಭಕ್ಕೆ ಸಿಕ್ಕಿಕೊಳ್ಳುವುದಿಲ್ಲ, ಮೆತ್ತನೆ ಹಿಮದಲ್ಲಿ ತೇಲುತ್ತದೆ, ಮಂಜುಗಡ್ಡೆಯ ಮೇಲೆ ಜಾರುತ್ತದೆ. ಈಗ ಬರುವ ಬೋರ್ಡುಗಳಲ್ಲಿ ಬಹಳಷ್ಟು ಎರಡರ ಬೆರಕೆ. ಎಷ್ಟು ಬಗ್ಗುತ್ತದೆ ಅಂತ 1ರಿಂದ 10ರವರೆಗೆ ಅಂಕ ಕೊಟ್ಟಿರುತ್ತಾರೆ. ಅದು ಎಲ್ಲರಿಗೂ ಸೇರಿದ ಒಂದೇ ಅಳತೆಗೋಲಲ್ಲ. ಒಬ್ಬರ 5 ಇನ್ನೊಬ್ಬರ 7 ಆಗಿರಬಹುದು. ಕೈಯಿಂದ ಒತ್ತಿ, ತಿರುಚಿ ನೋಡಿ.

ಇಷ್ಟೆಲ್ಲ ತಲೆಕೆಡಿಸಿಕೊಂಡವರಿಗೆ ನಾನು ಹೇಳುವ ಕಥೆ ಒಂದಿದೆ. 1965ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಶರ್ಮನ್ ಪಾಪನ್ ಎಂಬವರು ಮಕ್ಕಳಿಗಾಗಿ ಎರಡು ಸ್ಕೀಗಳನ್ನು ಜೋಡಿಸಿ ಒಂದು ಆಟದ ಸಾಮಾನು ಮಾಡಿದರು. ಸ್ನರ್ಫರ್ ಅಂತ ಹೆಸರಾಯಿತು. ಮುಂದೆ ಒಂದು ಹಗ್ಗ, ಅಷ್ಟೇ. ಬೂಟನ್ನು ಬೋರ್ಡಿಗೆ ಬಿಗಿಯುವ ಪಟ್ಟಿ, ಅಂದರೆ ಬೈಂಡಿಂಗ್, ಇರಲಿಲ್ಲ. ಅದರಿಂದ ಬೆಳೆದ ಸ್ನೋಬೋರ್ಡ್ ಆಟ 1998ರಲ್ಲಿ ಜಪಾನಿನ ನಗಾನೋ ಒಲಿಂಪಿಕ್ಸ್ ಸೇರಿತು. ಹಗ್ಗ ಹಿಡಿದು ಇಳಿದವರೂ ಖುಷಿಯಾಗೇ ಇದ್ದರು.

ಬೈಂಡಿಂಗ್ ಕೊಳ್ಳುವಾಗ ಬೋರ್ಡಿನ ತೂತುಗಳಿಗೆ ಕೂರುತ್ತದೆಯೇ ನೋಡಿ. ಹೆಚ್ಚಿನವು ನಾಲ್ಕು ಸ್ಕ್ರೂ ವ್ಯವಸ್ಥೆ. ಬರ್ಟನ್ ಕಂಪನಿಯ ಹೆಚ್ಚಿನ ಬೋರ್ಡುಗಳಲ್ಲಿ ತೂತಿನ ಬದಲು ಉದ್ದನೆಯ ಸೀಳು ಇರುತ್ತದೆ. ಹೊಸಬರು ಮುಂದಿನ ಕಾಲನ್ನು 15 ಡಿಗ್ರಿ ಮುಂದಕ್ಕೆ, ಹಿಂದಿನ ಕಾಲನ್ನು 6 ಡಿಗ್ರಿಯಷ್ಟು ಹಿಂದಕ್ಕೆ ತಿರುಗಿಸಿ ಶುರು ಮಾಡಲಿ. ಆಮೇಲೆ ಮಂಡಿಯನ್ನು ಕೇಳಿ ಬದಲಿಸಿಕೊಳ್ಳಲಿ. ಯಾವ ಕಾಲು ಮುಂದೆ? ಹಿಂದಿನಿಂದ ತಳ್ಳಿ ನೋಡುವುದು ಹಳೆಯ ಉಪಾಯ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಸಾಕ್ಸ್ ಹಾಕಿಕೊಂಡು ನುಣುಪಾದ ನೆಲದಲ್ಲಿ ಓಡಿ ಬಂದು ಜಾರಿ. ಯಾವುದು ತಾನಾಗಿ ಮುಂದೆ ಬರುತ್ತದೋ ಅದು. ಎಡಗಾಲಾದರೆ ರೆಗ್ಯುಲರ್, ಬಲಗಾಲಾದರೆ ಗೂಫಿ.

ಹೆಲ್ಮೆಟ್ ಬಗ್ಗೆ ಚರ್ಚೆಯೇ ಬೇಡ, ಹಾಕಿ. ಹೊಸಬರು ಮಣಿಕಟ್ಟಿನ ಗಾರ್ಡ್ ಕೂಡ ಹಾಕಿ. ಬೀಳುವಾಗ ಕೈ ಊರುವುದು ಮನುಷ್ಯನ ಸ್ವಭಾವ, ಈ ಆಟದಲ್ಲಿ ಮೊದಲು ಮುರಿಯುವುದು ಅಲ್ಲೇ. ಪ್ಯಾಂಟು ನೀರು ತಡೆಯುವಂಥದ್ದಿರಲಿ, ಏಕೆಂದರೆ ಮೊದಲೆರಡು ದಿನ ನಿಲ್ಲುವುದಕ್ಕಿಂತ ಕೂರುವುದೇ ಜಾಸ್ತಿ. ಒಳಗೆ ಹತ್ತಿ ಬಟ್ಟೆ ಬೇಡ. ಬೆವರು ಕುಡಿದು ಒಣಗದೆ ಚಳಿ ಹಿಡಿಸುತ್ತದೆ.

ಸಾಮಾನಾಯಿತು. ಇನ್ನು ಗೆಳೆಯರು.

ಟ್ರಿಪ್ ಗ್ರೂಪಿನಲ್ಲಿ ದಿನಾಂಕದ ಬಗ್ಗೆ ನೂರು ಮೆಸೇಜು ಓಡಾಡುತ್ತವೆ. ಕೇಳಬೇಕಾದ್ದನ್ನು ಯಾರೂ ಕೇಳುವುದಿಲ್ಲ. ಬೆಳಿಗ್ಗೆ ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟ್ ಶುರುವಾಗುವಾಗಲೇ ಸಾಲಿನಲ್ಲಿ ನಿಲ್ಲಬೇಕಾ, ಎದ್ದಾಗ ಹೋದರಾಯಿತಾ? ಯಾರಾದರೂ ಪಾಠ ತಗೋತಾರಾ? ಒಬ್ಬರಿಗೆ ಸುಸ್ತಾದರೆ ಎಲ್ಲರೂ ನಿಲ್ಲಬೇಕಾ? ಇದನ್ನು ಮೊದಲೇ ಮಾತಾಡಿಕೊಂಡ ಗುಂಪು ಜಗಳವಾಡಿದ್ದನ್ನು ನಾನು ಕಂಡಿದ್ದು ಕಡಿಮೆ.

"ನಾನು ನೀಲಿ ಇಳಿಜಾರು ಆರಾಮಾಗಿ ಇಳೀತೀನಿ" ಅನ್ನುವ ಮಾತನ್ನೂ ಹಾಗೇ ನಂಬಬೇಡಿ. ಸುಳ್ಳು ಹೇಳುತ್ತಾರೆ ಅಂತಲ್ಲ, ಇಳಿಜಾರು ಎಷ್ಟು ಕಷ್ಟ ಅಂತ ತೋರಿಸುವ ಬಣ್ಣಗಳ ಲೆಕ್ಕ ಎಲ್ಲ ಕಡೆ ಒಂದೇ ಅಲ್ಲ. ಯುರೋಪಿನಲ್ಲಿ ನೀಲಿ ಎಂದರೆ ಸುಲಭ, ಕೆಂಪು ನಡುವಿನದು, ಕಪ್ಪು ಕಷ್ಟ. ಉತ್ತರ ಅಮೆರಿಕದಲ್ಲಿ ಹಸಿರು ವೃತ್ತ ಸುಲಭ, ನೀಲಿ ಚೌಕ ನಡುವಿನದು, ಕೆಂಪು ಇಲ್ಲವೇ ಇಲ್ಲ. ಒಬ್ಬರ ನೀಲಿ ಇನ್ನೊಬ್ಬರ ನೀಲಿ ಆಗಿರಬೇಕಿಲ್ಲ.

ಜಾಗ ಆರಿಸುವಾಗ ಗುಂಪಿನ ಅತಿ ನಿಧಾನದವರನ್ನು ನೋಡಿ ಆರಿಸಿ. ಅವರ ಇಳಿಜಾರೂ ವೇಗದವರ ಇಳಿಜಾರೂ ಒಂದೇ ಲಿಫ್ಟಿನ ಕೆಳಗೆ ಬಂದು ಸೇರುವ ಬೆಟ್ಟ ಸಿಕ್ಕರೆ ಅದೇ ಒಳ್ಳೆಯದು. ನಕ್ಷೆಯಲ್ಲಿ ಇನ್ನೆರಡು ವಿಷಯ ನೋಡಿ. ಒಂದು, ಉದ್ದನೆಯ ಸಮತಟ್ಟಾದ ದಾರಿಗಳು. ಸ್ಕೀಯವರು ಕೋಲು ಊರಿಕೊಂಡು ಹೋಗಿಬಿಡುತ್ತಾರೆ. ನಾವು ಒಂದು ಕಾಲು ಬಿಚ್ಚಿ ತಳ್ಳಿಕೊಂಡು, ಗೊಣಗಿಕೊಂಡು ಹೋಗಬೇಕು. ಇನ್ನೊಂದು, ಕೂರಿಸಿಕೊಂಡು ಹೋಗದೆ ನೆಲದ ಮೇಲೇ ಎಳೆದುಕೊಂಡು ಹೋಗುವ ಲಿಫ್ಟು. ಪಕ್ಕಕ್ಕೆ ತಿರುಗಿ ನಿಲ್ಲುವ ನಮಗೆ ಅದು ಬೇರೆಯೇ ವಿದ್ಯೆ. ಅಂದ ಹಾಗೆ, ಅಮೆರಿಕದಲ್ಲಿ ಆಲ್ಟಾ, ಡೀರ್ ವ್ಯಾಲಿ, ಮ್ಯಾಡ್ ರಿವರ್ ಗ್ಲೆನ್, ಈ ಮೂರು ಕಡೆ ಸ್ನೋಬೋರ್ಡನ್ನು ಒಳಗೇ ಬಿಡುವುದಿಲ್ಲ. ಸ್ಕೀ ಮಾಡುವ ಗೆಳೆಯ ಹೋಟೆಲು ಬುಕ್ ಮಾಡುವ ಮೊದಲು ನೆನಪಿಸಿ.

ಬೆಟ್ಟದ ಮೇಲೆ ಒಬ್ಬರನ್ನೊಬ್ಬರು ಕಳೆದುಕೊಳ್ಳುವುದು ಖಂಡಿತ. ಮತ್ತೆ ಸೇರುವ ಜಾಗ ಲಿಫ್ಟಿನ ಬುಡವೇ ಇರಲಿ, ದಾರಿಯ ನಡುವೆ ಬೇಡ. ಚಳಿಗೆ ಫೋನಿನ ಬ್ಯಾಟರಿ ಬೇಗ ಸಾಯುತ್ತದೆ, ಒಳಜೇಬಿನಲ್ಲಿಡಿ. ನಿಲ್ಲಲೇಬೇಕಾದರೆ ಅಂಚಿನಲ್ಲಿ ನಿಲ್ಲಿ, ಮೇಲಿನಿಂದ ಕಾಣುವ ಕಡೆ. ಮುಂದೆ ಇರುವವರಿಗೆ ದಾರಿ ಬಿಡುವುದು ಹಿಂದಿನವರ ಹೊಣೆ, ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ನಿಯಮವೂ ಅದೇ. ನಮಗೆ ಬೆನ್ನ ಕಡೆ ಕಾಣುವುದಿಲ್ಲ. ಹಿಮ್ಮಡಿಯ ಕಡೆ ತಿರುಗುವ ಮೊದಲು ಭುಜದ ಮೇಲಿಂದ ಒಮ್ಮೆ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಮೂರನೇ ದಿನದ ಮಧ್ಯಾಹ್ನ ಖಾಲಿ ಇಡಿ. ನಾನು ಕಂಡ ಗಾಯಗಳಲ್ಲಿ ಬಹಳಷ್ಟು ಆಗಿದ್ದು ಆ ಹೊತ್ತಿಗೆ. ಕಾಲು ಸೋತಿರುತ್ತದೆ, ಧೈರ್ಯ ಬಂದಿರುತ್ತದೆ. "ಕೊನೆಯ ಸಲ" ಅನ್ನುವ ಮಾತನ್ನು ನಮ್ಮವರು ಬಾಯಿಗೇ ತರುವುದಿಲ್ಲ. "ಇನ್ನೆರಡು ಸಲ ಇಳಿಯೋಣ, ಎರಡನೆಯದು ಬಿಡೋಣ" ಅನ್ನುತ್ತಾರೆ.

ಗುರುತು ಹಾಕಿದ ಇಳಿಜಾರು ಬಿಟ್ಟು ಹೊರಗೆ ಹೋಗುವುದಾದರೆ ಲೆಕ್ಕವೇ ಬೇರೆ. ಹಿಮಕುಸಿತದಲ್ಲಿ ಹೂತುಹೋದವರನ್ನು ಹುಡುಕುವ ಬೀಕನ್, ಚುಚ್ಚಿ ನೋಡುವ ಉದ್ದನೆಯ ಕೋಲು, ಸಲಿಕೆ, ಈ ಮೂರೂ ಪ್ರತಿಯೊಬ್ಬರ ಹತ್ತಿರ ಇರಬೇಕು. ಬೀಕನ್‌ಗಳೆಲ್ಲ 457 ಕಿಲೋಹರ್ಟ್ಜ್‌ನಲ್ಲೇ ಮಾತಾಡುತ್ತವೆ, ಯಾವ ಕಂಪನಿಯದಾದರೂ ಸರಿ. ನಿಮ್ಮ ಸಲಿಕೆ ನಿಮ್ಮನ್ನು ಉಳಿಸುವುದಿಲ್ಲ, ಗೆಳೆಯನನ್ನು ಉಳಿಸುತ್ತದೆ. ನಿಮ್ಮನ್ನು ಉಳಿಸುವುದು ಅವನದು. ಹೂತುಹೋದವರು ಬದುಕುವ ಸಾಧ್ಯತೆ ಮೊದಲ 10–15 ನಿಮಿಷ ಚೆನ್ನಾಗಿರುತ್ತದೆ, ಆಮೇಲೆ ಸರ್ರನೆ ಇಳಿಯುತ್ತದೆ. ಬೇರೆ ಕಡೆಯಿಂದ ಜನ ಬರುವವರೆಗೆ ಕಾಯಲು ಹೊತ್ತಿಲ್ಲ. ಅವತ್ತಿನ ಅಪಾಯದ ಮಟ್ಟ 1ರಿಂದ 5ರಲ್ಲಿ ಎಷ್ಟು ಅಂತ ಬೆಳಿಗ್ಗೆ ನೋಡಿ. 30 ಡಿಗ್ರಿಗಿಂತ ಕಡಿದಾದ ಕಡೆ ಒಬ್ಬೊಬ್ಬರಾಗಿ ಇಳಿಯಿರಿ, ಉಳಿದವರ ಕಣ್ಣು ಅವರ ಮೇಲಿರಲಿ.

ಒಮ್ಮೆ ಆರು ಜನ ಹೊರಟಿದ್ದೆವು. ರಾತ್ರಿಯೆಲ್ಲ ಹಿಮ ಬಿದ್ದಿತ್ತು. ಲಿಫ್ಟಿನ ಬುಡದಲ್ಲಿ ಒಬ್ಬೊಬ್ಬರ ಬೀಕನ್ ಪರೀಕ್ಷಿಸುವಾಗ ಒಂದರಿಂದ ಸದ್ದೇ ಇಲ್ಲ. ಆ ಗೆಳೆಯ ಅದನ್ನು ಯಾರದೋ ಹತ್ತಿರ ಕೇಳಿ ತಂದಿದ್ದ, ಬ್ಯಾಟರಿ ಸೋರಿ ಒಳಗೆಲ್ಲ ತುಕ್ಕು. "ಐದು ಜನರದು ಸರಿ ಇದೆಯಲ್ಲ, ನಾನು ಕೊನೆಯಲ್ಲಿ ಬರ್ತೀನಿ" ಅಂದ. ಯಾರೂ ಹೊರಗೆ ಹೋಗಲಿಲ್ಲ. ಇಡೀ ದಿನ ಗುರುತು ಹಾಕಿದ ಇಳಿಜಾರಿನಲ್ಲೇ ಇದ್ದೆವು. ಅವನು ಪ್ರತಿ ಸಲ ಲಿಫ್ಟಿನಲ್ಲಿ ಕೂತಾಗಲೂ ಗೊಣಗಿದ. ಸಂಜೆ ಅವನೇ ಹೋಗಿ ಹೊಸದೊಂದು ತಂದ. ಪಾರ್ಕಿಂಗ್ ಜಾಗದ ಹಿಂದಿನ ಹಿಮದ ಗುಡ್ಡೆಯಲ್ಲಿ ಅದನ್ನು ಚೀಲದಲ್ಲಿ ಹಾಕಿ ಹೂತು, ಸರದಿಯಂತೆ ಹುಡುಕಿದೆವು. ನನಗೆ ಎಂಟು ನಿಮಿಷ ಬೇಕಾಯಿತು. ಕತ್ತಲಾಗುವ ಹೊತ್ತಿಗೆ ನಾಲ್ಕಕ್ಕೆ ಇಳಿದಿತ್ತು.