ನಷ್ಟ ಆಗಿದೆ ಸರಿ, ಕೇಸ್ ಎಲ್ಲಿದೆ?

ಕಕ್ಷಿದಾರರು ಫೈಲ್ ಬಿಚ್ಚುವ ಮೊದಲೇ ಶುರು ಮಾಡುತ್ತಾರೆ: ‘ಸಾರ್, ನನಗೆ ಎಷ್ಟು ನಷ್ಟ ಆಗಿದೆ ಗೊತ್ತಾ?’ ಕಾನೂನು ಓದುವ ಹುಡುಗರದೂ ಅದೇ ಕಥೆ. ಪರೀಕ್ಷೆಯಲ್ಲಿ ಸಮಸ್ಯೆ ಕೊಟ್ಟರೆ ಮೊದಲು ನಷ್ಟದ ಲೆಕ್ಕ. ಮೊತ್ತ ದೊಡ್ಡದಾದರೆ ‘ಹಕ್ಕು ಉಲ್ಲಂಘನೆಯಾಗಿದೆ’ ಎಂದು ಷರಾ. ಹೇಳಿ ಹೇಳಿ ಸಾಕಾಗಿದೆ.

ಟ್ಯೂಷನ್ ನಡೆಸುವ ಮೇಷ್ಟ್ರೊಬ್ಬರು ಬಂದಿದ್ದರು. ಅವರಲ್ಲಿ ಪಾಠ ಮಾಡಿಕೊಂಡಿದ್ದ ಹುಡುಗ ಎದುರು ಕಟ್ಟಡದಲ್ಲೇ ಕ್ಲಾಸ್ ತೆರೆದಿದ್ದ, ಅದೂ ಅರ್ಧ ಫೀಸಿಗೆ. ಮಕ್ಕಳೆಲ್ಲ ಅತ್ತ ಹೋದರು. ‘ಹೊಟ್ಟೆ ಮೇಲೆ ಹೊಡೆದಿದ್ದಾನೆ, ಕೇಸ್ ಹಾಕಿ ಸಾರ್.’ ಬೋರ್ಡಿನಲ್ಲಿ ನಿಮ್ಮ ಹೆಸರು ಹಾಕಿಕೊಂಡಿದ್ದಾನಾ ಎಂದು ಕೇಳಿದೆ. ಇಲ್ಲ. ನಿಮ್ಮ ನೋಟ್ಸ್ ಜೆರಾಕ್ಸ್ ಮಾಡಿ ಹಂಚಿದ್ದಾನಾ? ಇಲ್ಲ. ನಿಮ್ಮ ಬಗ್ಗೆ ಸುಳ್ಳು ಹಬ್ಬಿಸಿದ್ದಾನಾ? ಇಲ್ಲ. ಕರಾರು ಪತ್ರ? ಅದೂ ಇಲ್ಲ. ‘ಚೆನ್ನಾಗಿ ಪಾಠ ಮಾಡ್ತಾನೆ ಸಾರ್, ಅದೇ ತೊಂದರೆ’ ಎಂದರು. ಪಾಪ, ಪ್ರಾಮಾಣಿಕ ಮನುಷ್ಯ.

ಇದೇ ಜಗಳ 1410ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ಆಗಿತ್ತು. ಹೊಸ ಶಾಲೆ ಬಂದ ಮೇಲೆ ಹಳೆಯ ಮೇಷ್ಟ್ರುಗಳಿಗೆ ಮಗುವೊಂದಕ್ಕೆ ಮೂರು ತಿಂಗಳಿಗೆ ಸಿಗುತ್ತಿದ್ದ 40 ಪೆನ್ಸ್ ಫೀಸು 12ಕ್ಕೆ ಇಳಿಯಿತು. ದಾವೆ ನಿಲ್ಲಲಿಲ್ಲ. ನಷ್ಟವೇನೋ ನಿಜ, ಆದರೆ ಪೈಪೋಟಿ ಮಾಡಬಾರದೆಂಬ ಕರ್ತವ್ಯ ಹೊಸಬನಿಗೆ ಎಲ್ಲಿತ್ತು?

ನಾನು ತಲೆ ಚಚ್ಚಿಕೊಳ್ಳುವುದು ಇಲ್ಲೇ. ‘ನನ್ನ ಹಕ್ಕು’ ಎಂದ ಕೂಡಲೇ ಕೇಳಬೇಕಾದ್ದು, ಅದಕ್ಕೆ ಎದುರಾಗಿ ಯಾರ ಮೇಲೆ ಯಾವ ಕರ್ತವ್ಯವಿದೆ ಎಂದು. ಅಮೆರಿಕದ ಕಾನೂನು ಪಂಡಿತ ಹೋಫೆಲ್ಡ್ 1913ರಲ್ಲಿ ಬಿಡಿಸಿಟ್ಟದ್ದು ಈ ಗಂಟನ್ನೇ: ಕರ್ತವ್ಯ ಎದುರಿಗಿರುವ ಹಕ್ಕು ಬೇರೆ, ಬರೀ ಸ್ವಾತಂತ್ರ್ಯ ಬೇರೆ. ಟ್ಯೂಷನ್ ನಡೆಸುವ ಸ್ವಾತಂತ್ರ್ಯ ಮೇಷ್ಟ್ರಿಗಿದೆ, ಎದುರಿನವನಿಗೂ ಇದೆ. ಮಕ್ಕಳು ತಮ್ಮಲ್ಲಿಗೇ ಬರಬೇಕೆಂಬ ಹಕ್ಕು ಇಬ್ಬರಿಗೂ ಇಲ್ಲ, ಏಕೆಂದರೆ ಬರಲೇಬೇಕಾದ ಕರ್ತವ್ಯ ಯಾವ ಮಗುವಿಗೂ ಇಲ್ಲ. ಕರಾರಿದ್ದರೆ, ನೋಟ್ಸ್ ಕದ್ದಿದ್ದರೆ ಮಾತು ಬೇರೆ. ಆಗ ಕರ್ತವ್ಯ ಹುಟ್ಟಿರುತ್ತದೆ.

ತಿರುಗುಮುರುಗು ಮಾಡಿ ನೋಡಿ. ಇಂಗ್ಲೆಂಡಿನದೇ 1703ರ ಆಷ್ಬಿ ಪ್ರಕರಣದಲ್ಲಿ ಅರ್ಹ ಮತದಾರನಿಗೆ ಮತ ಹಾಕಲು ಬಿಡಲಿಲ್ಲ. ಅವನು ಬಯಸಿದ ಅಭ್ಯರ್ಥಿಯೇ ಗೆದ್ದ, ಕಳೆದುಕೊಂಡದ್ದು ಚಿಕ್ಕಾಸೂ ಇಲ್ಲ. ಆದರೂ ಕೊನೆಗೆ ಮತದಾರ ಕೇಸ್ ಗೆದ್ದ, ಏಕೆಂದರೆ ಮತ ಸ್ವೀಕರಿಸುವ ಕರ್ತವ್ಯ ಅಧಿಕಾರಿಗಳ ಮೇಲಿತ್ತು.

‘ಹೊಟ್ಟೆಕಿಚ್ಚಿಗೇ ಮಾಡಿದ್ದರೆ?’ ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂದೇ ಬರುತ್ತದೆ. ಒಳ್ಳೆಯ ಪ್ರಶ್ನೆ. 1895ರಲ್ಲಿ ತೀರ್ಪು ಬಂದ ಇಂಗ್ಲೆಂಡಿನ ಪ್ರಕರಣವೊಂದರಲ್ಲಿ ಪಿಕಲ್ಸ್ ಎಂಬಾತ ತನ್ನ ಜಮೀನು ಅಗೆದು, ಬ್ರಾಡ್‌ಫರ್ಡ್ ನಗರಕ್ಕೆ ಹರಿಯುತ್ತಿದ್ದ ಅಂತರ್ಜಲ ತಡೆಯಲು ಹೊರಟ. ಪುರಸಭೆ ತನ್ನನ್ನು ದುಡ್ಡು ಕೊಟ್ಟು ಸಮಾಧಾನ ಮಾಡಲಿ ಎಂಬ ಹಂಚಿಕೆ. ಕೆಲಸ ಕಾನೂನುಬದ್ಧವಾಗಿದ್ದರೆ ಕೆಟ್ಟ ಉದ್ದೇಶ ಅದನ್ನು ಅಕ್ರಮವಾಗಿಸದು ಎಂದಿತು ಅಲ್ಲಿನ ಅಂದಿನ ಅತ್ಯುನ್ನತ ನ್ಯಾಯಾಲಯ ಹೌಸ್ ಆಫ್ ಲಾರ್ಡ್ಸ್. ಇದನ್ನೋದಿ ಯಾರೂ ಗುದ್ದಲಿ ಹಿಡಿದು ಹೊರಡಬೇಡಿ. ಅಂತರ್ಜಲಕ್ಕೆ ಈಗ ಎಷ್ಟೋ ಕಡೆ ಪ್ರತ್ಯೇಕ ಕಾಯ್ದೆಗಳಿವೆ. ದುರುದ್ದೇಶದಿಂದ ಸುಳ್ಳು ಕ್ರಿಮಿನಲ್ ಮೊಕದ್ದಮೆ ಹೂಡಿದಂಥ ಪ್ರಕರಣಗಳಲ್ಲಿ ಉದ್ದೇಶವೇ ಮುಖ್ಯ. ಹಾಗಾಗಿ ಪಿಕಲ್ಸ್ ಹೆಸರು ಹೇಳಿ ‘ಉದ್ದೇಶ ಯಾವಾಗಲೂ ಅಪ್ರಸ್ತುತ’ ಎಂದು ಬರೆದವರಿಗೆ ನಾನು ಅರ್ಧ ಅಂಕವೇ ಕೊಡುವುದು.