ಕುರ್ಚಿ ಬೇರೆ, ಟಿಕೆಟ್ ಬೇರೆ

ಪ್ರಶ್ನೆ: ಅಧ್ಯಕ್ಷ ಸ್ಥಾನಕ್ಕೆ ಮುಂಚೂಣಿಯಲ್ಲಿದ್ದ ಅಭ್ಯರ್ಥಿ ನಡುದಾರಿಯಲ್ಲೇ ಹಿಂದೆ ಸರಿದರೆ ಪಕ್ಷ ಏನು ಮಾಡಬೇಕು? ಅಮೆರಿಕದಲ್ಲಿ ಬೈಡನ್ ಬಿಟ್ಟ ಜಾಗಕ್ಕೆ ಕಮಲಾ ಹ್ಯಾರಿಸ್ ತಾನಾಗಿಯೇ ಬಂದರಲ್ಲ, ಉಪಾಧ್ಯಕ್ಷರೇ ಮುಂದಿನವರು ಅಂತ ನಿಯಮ ಇದೆ ಅಲ್ವಾ?

ಉತ್ತರ: ಇಲ್ಲ.

ಇಷ್ಟೇ ಹೇಳಿ ಪೆನ್ನಿನ ಕ್ಯಾಪ್ ಹಾಕಿಬಿಡಬಹುದಿತ್ತು. ಆದರೆ 2024ರ ಜುಲೈನಿಂದ ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಕೇಳಿದ್ದಾರೆ. ನ್ಯೂಜೆರ್ಸಿಯಲ್ಲೇ ಹದಿನೈದು ವರ್ಷದಿಂದ ಇರುವ ಅಕ್ಕನ ಮಗ ಫೋನ್ ಮಾಡಿ ಕೇಳಿದ್ದಾನೆ. ಅವನಿಗೆ ಅಲ್ಲಿ ವೋಟೂ ಇದೆ! ಮೂವತ್ತು ವರ್ಷ ಪಿಯು ಹುಡುಗರಿಗೆ ರಾಜ್ಯಶಾಸ್ತ್ರ ಹೇಳಿಕೊಟ್ಟವನು ನಾನು. ಈ ಗೊಂದಲಕ್ಕೆ ನನ್ನ ಹತ್ತಿರ ಒಂದೇ ಮದ್ದು. ಬೋರ್ಡಿನ ನಡುವೆ ಗೆರೆ ಎಳೆದು, ಎಡಕ್ಕೆ 'ಕುರ್ಚಿ', ಬಲಕ್ಕೆ 'ಟಿಕೆಟ್' ಅಂತ ಬರೆಯುತ್ತಿದ್ದೆ.

ಎಡಗಡೆಯದು ಸಂವಿಧಾನದ ವಿಷಯ. ಅಮೆರಿಕದ ಅಧ್ಯಕ್ಷರು ಸತ್ತರೆ, ರಾಜೀನಾಮೆ ಕೊಟ್ಟರೆ, ಉಪಾಧ್ಯಕ್ಷರು ಆ ಕುರ್ಚಿಗೆ ಬರುತ್ತಾರೆ. 1967ರಲ್ಲಿ ಬಂದ 25ನೇ ತಿದ್ದುಪಡಿ ಇದನ್ನು ಬಿಡಿಸಿ ಹೇಳುತ್ತದೆ. ಬಲಗಡೆಯದು ಪಕ್ಷದ ಮನೆಯೊಳಗಿನ ವಿಷಯ. ಅಮೆರಿಕದ ಸಂವಿಧಾನದಲ್ಲಿ ರಾಜಕೀಯ ಪಕ್ಷ ಅನ್ನೋ ಮಾತೇ ಇಲ್ಲ. ಪಕ್ಷವೇ ಇಲ್ಲದ ಕಡೆ ಪಕ್ಷದ ಟಿಕೆಟ್ ಯಾರಿಗೆ ಅನ್ನೋ ನಿಯಮ ಎಲ್ಲಿಂದ ಬರಬೇಕು? ಬೈಡನ್ ಕುರ್ಚಿ ಬಿಟ್ಟಿರಲಿಲ್ಲ. 2025ರ ಜನವರಿ 20ರವರೆಗೂ ಅವರೇ ಅಧ್ಯಕ್ಷರು. ಅವರು ಬಿಟ್ಟಿದ್ದು ಟಿಕೆಟ್ ಮಾತ್ರ.

ಬಿಟ್ಟ ಆ ದಿನವನ್ನೇ ಸ್ವಲ್ಪ ಹತ್ತಿರದಿಂದ ನೋಡಿ. ಜುಲೈ 21, ಭಾನುವಾರ. ಜೂನ್ 27ರ ಅಟ್ಲಾಂಟಾ ಡಿಬೇಟಿನಲ್ಲಿ ಟ್ರಂಪ್ ಎದುರು ಬೈಡನ್ ತಡವರಿಸಿದ ಮೇಲೆ ಪಕ್ಷದೊಳಗೆ ಗುಸುಗುಸು ಜೋರಾಗಿತ್ತು. ಕೋವಿಡ್ ಹಿಡಿದು ಡೆಲವೇರ್‌ನ ಕಡಲ ಊರಿನ ಮನೆಯಲ್ಲಿದ್ದ ಅವರು ಎಕ್ಸ್‌ನಲ್ಲಿ ಒಂದು ಪತ್ರ ಹಾಕಿದರು. ಅಲ್ಲಿ ಮಧ್ಯಾಹ್ನ, ನಮ್ಮಲ್ಲಿ ರಾತ್ರಿ ಹನ್ನೊಂದು ದಾಟಿತ್ತು. ಆ ಪತ್ರದಲ್ಲಿ ಹ್ಯಾರಿಸ್‌ಗೆ ಧನ್ಯವಾದ ಇದೆ. 'ನನ್ನ ಬದಲು ಇವರು' ಅನ್ನೋ ಮಾತು ಎಲ್ಲೂ ಇಲ್ಲ. ಅದು ಬಂದಿದ್ದು ಸುಮಾರು ಅರ್ಧ ಗಂಟೆ ಆದಮೇಲೆ, ಬೇರೆ ಪೋಸ್ಟಿನಲ್ಲಿ. ನಿಯಮವೇ ಇದ್ದಿದ್ದರೆ ಆ ಎರಡನೇ ಪೋಸ್ಟ್ ಯಾಕೆ ಬೇಕಿತ್ತು? ಆ ಅರ್ಧ ಗಂಟೆ ಡೆಮಾಕ್ರಾಟಿಕ್ ಪಕ್ಷಕ್ಕೆ ಅಭ್ಯರ್ಥಿ ಅಂತ ಯಾರೂ ಇರಲಿಲ್ಲ. ಎರಡನೇ ಪೋಸ್ಟ್ ಬಂದ ಮೇಲೂ ಇರಲಿಲ್ಲ. ಬೈಡನ್ ಹೇಳಿದ್ದು ಶಿಫಾರಸು, ಅಷ್ಟೇ.

ಹಾಗಾದರೆ ಟಿಕೆಟ್ ಯಾರ ಕೈಲಿತ್ತು? ಡೆಲಿಗೇಟ್‌ಗಳ ಕೈಲಿ. ನಮ್ಮಲ್ಲಿ ಬಿ ಫಾರಂಗೆ ಪಕ್ಷದ ಮೇಲಿನವರ ಸಹಿ ಬಿದ್ದರೆ ಮುಗೀತು. ಅಲ್ಲಿ ಆ ಸಹಿ ನಾಲ್ಕು ಸಾವಿರ ಜನರಲ್ಲಿ ಹಂಚಿಹೋಗಿರುತ್ತದೆ. ರಾಜ್ಯ ರಾಜ್ಯದಲ್ಲಿ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿ ಯಾರಾಗಬೇಕು ಅನ್ನೋ ಚುನಾವಣೆ ನಡೆದು, ಬಂದ ಮತಕ್ಕೆ ತಕ್ಕ ಹಾಗೆ ಡೆಲಿಗೇಟ್‌ಗಳು ಆಯ್ಕೆಯಾಗುತ್ತಾರೆ. ಟೀಚರ್, ಯೂನಿಯನ್ ಕಾರ್ಯಕರ್ತ, ಕೌಂಟಿ ಮಟ್ಟದ ಮುಖಂಡರು, ಹೀಗೆ. ಎಷ್ಟೋ ಜನ ವಿಮಾನ, ಹೋಟೆಲ್ ಖರ್ಚನ್ನು ಸ್ವಂತ ಜೇಬಿನಿಂದಲೇ ಹಾಕಿಕೊಂಡು, ಅಭ್ಯರ್ಥಿಯನ್ನು ಆರಿಸುವ ಪಕ್ಷದ ಅಧಿವೇಶನಕ್ಕೆ ಬರುತ್ತಾರೆ. ಬೈಡನ್ ಪಾಲಿಗೆ ಇಂಥವರು ಸುಮಾರು 3,900 ಮಂದಿ ಇದ್ದರು. ಗೆಲ್ಲಲು ಬೇಕಿದ್ದದ್ದು 1,976.

ಈ 3,900 ಮಂದಿಯನ್ನು ಬೈಡನ್ ಆಸ್ತಿಯ ಹಾಗೆ ಬರೆದುಕೊಡಲು ಆಗುತ್ತಿರಲಿಲ್ಲ. 'ನಮ್ಮನ್ನು ಆರಿಸಿದವರ ಭಾವನೆಯನ್ನು ಆತ್ಮಸಾಕ್ಷಿಯಂತೆ ತೋರಿಸಬೇಕು' ಅನ್ನೋ ಅರ್ಥದ ಒಂದು ಸಾಲು ಪಕ್ಷದ ನಿಯಮದಲ್ಲಿದೆ. ಪಕ್ಷ ಅವರನ್ನು ಕಟ್ಟಿಹಾಕುವ ಹಗ್ಗ ಅದೊಂದೇ. ಬೈಡನ್ ಹೊರಟ ಗಳಿಗೆಗೆ ಆ ಹಗ್ಗವೂ ಸಡಿಲವಾಯಿತು. ಆಮೇಲೆ ಅವರು ಯಾರ ಕಡೆ ಬೇಕಾದರೂ ಹೋಗಬಹುದಿತ್ತು. ಹ್ಯಾರಿಸ್ ಕಡೆ ಹೋದರು, ಅದೂ ಮರುದಿನ ರಾತ್ರಿಯೊಳಗೆ ಸಾಕಾಗುವಷ್ಟು ಮಂದಿ. ಇಷ್ಟು ಬೇಗ ಆಗಿದ್ದರಿಂದಲೇ ದೂರದಲ್ಲಿ ಕೂತ ನಮಗೆ 'ತಾನಾಗಿಯೇ' ಆದ ಹಾಗೆ ಕಂಡಿತು. ಹ್ಯಾರಿಸ್ ಅವರ ತಾಯಿ ಚೆನ್ನೈನವರು ಅನ್ನೋ ಅಭಿಮಾನ ಬೇರೆ. ಟಿವಿಗಳು ಪಟ್ಟಾಭಿಷೇಕದ ಮಾತಾಡಿದವು. ಪಟ್ಟಾಭಿಷೇಕ ಅಂದಮೇಲೆ ಯುವರಾಜರು ಇರಲೇಬೇಕಲ್ಲ!

ಇನ್ನೂ ನಂಬಿಕೆ ಬರದವರಿಗೆ 1952ರ ಕತೆ ಹೇಳುತ್ತೇನೆ. ಕ್ಲಾಸಿನಲ್ಲಿ ಇದನ್ನು ಹೇಳುವಾಗ ಹಿಂದಿನ ಬೆಂಚಿನವರೂ ಎದ್ದು ಕೂರುತ್ತಿದ್ದರು.

ಆ ವರ್ಷ ಅಧ್ಯಕ್ಷ ಟ್ರೂಮನ್ ನ್ಯೂಹ್ಯಾಂಪ್‌ಶೈರ್ ಪ್ರೈಮರಿಯಲ್ಲಿ ಸೆನೆಟರ್ ಎಸ್ಟೆಸ್ ಕೆಫಾವರ್ ಎದುರು ಸೋತರು. ಮಾರ್ಚ್ 29ರಂದು ಮತ್ತೆ ನಿಲ್ಲುವುದಿಲ್ಲ ಅಂದುಬಿಟ್ಟರು. ಉಪಾಧ್ಯಕ್ಷರಾಗಿದ್ದವರು ಕೆಂಟಕಿಯ ಆಲ್ಬೆನ್ ಬಾರ್ಕ್ಲಿ, ವಯಸ್ಸು 74. ಮನಸ್ಸಿತ್ತು, ಹೆಸರಿತ್ತು, ಟ್ರೂಮನ್ ಕೂಡ ಸೈ ಅಂದಿದ್ದರು. ಕಣ್ಣು ಮಂಜಾಗಿದೆ, ಹೃದಯ ಸರಿಯಿಲ್ಲ ಅನ್ನೋ ಮಾತು ಮಾತ್ರ ಎಲ್ಲ ಕಡೆ ಓಡಾಡುತ್ತಿತ್ತು. ಅದನ್ನು ಸುಳ್ಳು ಮಾಡಲು ಮುದುಕಪ್ಪ ಏನು ಮಾಡಿದರು ಗೊತ್ತಾ? ಶಿಕಾಗೋ ಅಧಿವೇಶನಕ್ಕೆ ಬಂದವರು ಬಸ್ ಸ್ಟ್ಯಾಂಡಿನಿಂದ ತಮ್ಮ ಪ್ರಚಾರ ಕಚೇರಿಗೆ ಕಾರು ಹತ್ತದೆ ಏಳು ಬ್ಲಾಕ್ ನಡೆದೇ ಹೋದರು. ಜುಲೈ ತಿಂಗಳ ಬಿಸಿಲಿನಲ್ಲಿ, ಎಲ್ಲರೂ ನೋಡಲಿ ಅಂತ.

ಎಲ್ಲರೂ ನೋಡಿದರು. ಆದರೂ ಕಾರ್ಮಿಕ ಮುಖಂಡರು 'ಇವರಿಗಿಂತ ಚಿಕ್ಕ ವಯಸ್ಸಿನವರು ಬೇಕು' ಅಂತ ಹೇಳಿಕೆ ಕೊಟ್ಟರು. ಬಾರ್ಕ್ಲಿ ಆ ಮುಖಂಡರನ್ನು ಬೆಳಗಿನ ತಿಂಡಿಗೆ ಕರೆದು ಕೂರಿಸಿಕೊಂಡು ಮಾತಾಡಿದರು. ತಿಂಡಿ ಮುಗಿಯಿತು, ಅವರ ಮನಸ್ಸು ಬದಲಾಗಲಿಲ್ಲ. ಬಾರ್ಕ್ಲಿ ಕಣದಿಂದ ಹೊರಗೆ ಬಂದರು. ಬೀಳ್ಕೊಡುಗೆ ಭಾಷಣಕ್ಕೆ ವೇದಿಕೆ ಹತ್ತಿದಾಗ ಅದೇ ಅಧಿವೇಶನ ನಿಮಿಷಗಟ್ಟಲೆ ನಿಂತು ಚಪ್ಪಾಳೆ ತಟ್ಟಿತು. ಚಪ್ಪಾಳೆ ಕೊಟ್ಟವರು ಟಿಕೆಟ್ ಕೊಡಲಿಲ್ಲ. ಪ್ರೈಮರಿಗಳಲ್ಲಿ ಹೆಚ್ಚುಪಾಲು ಗೆದ್ದಿದ್ದ ಕೆಫಾವರ್ ಮೊದಲೆರಡು ಸುತ್ತು ಮುಂದಿದ್ದರು. ಮೂರನೇ ಸುತ್ತಿನಲ್ಲಿ ಗೆದ್ದವರು ಇಲಿನಾಯ್ ಗವರ್ನರ್ ಆಡ್ಲೈ ಸ್ಟೀವನ್ಸನ್. ನಾನು ನಿಲ್ಲೋದಿಲ್ಲ ಅಂತ ತಿಂಗಳುಗಟ್ಟಲೆ ಹೇಳಿಕೊಂಡು ಬಂದಿದ್ದವರು ಅವರು!

ಉಪಾಧ್ಯಕ್ಷ ಇದ್ದರು. ಅಧ್ಯಕ್ಷರ ಒಪ್ಪಿಗೆ ಇತ್ತು. ಟಿಕೆಟ್ ಸಿಗಲಿಲ್ಲ. ಇನ್ನೇನು ಸಾಕ್ಷಿ ಬೇಕು?

1968ನ್ನು ತಂದು ವಾದ ಮಾಡುವವರಿದ್ದಾರೆ. ಮಾರ್ಚ್ 31ರಂದು ಅಧ್ಯಕ್ಷ ಜಾನ್ಸನ್ ಹಿಂದೆ ಸರಿದರು, ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿಗೇ ಟಿಕೆಟ್ ಸಿಕ್ಕಿತಲ್ಲ ಅಂತ. ಸಿಕ್ಕಿತು, ನಿಜ. ಆದರೆ ಅದೇ ಟಿಕೆಟ್ ಕೇಳಿದ್ದ ಸೆನೆಟರ್ ಯೂಜೀನ್ ಮೆಕಾರ್ಥಿ ಕೊನೆಯವರೆಗೂ ಎದುರಿಗಿದ್ದರು. ಇನ್ನೊಬ್ಬ ಎದುರಾಳಿ ರಾಬರ್ಟ್ ಕೆನಡಿ ಜೂನ್‌ನಲ್ಲಿ ಗುಂಡಿಗೆ ಬಲಿಯಾದರು. ಹಂಫ್ರಿ ಒಂದೇ ಒಂದು ಪ್ರೈಮರಿಗೂ ಇಳಿಯದೆ ರಾಜ್ಯ ಮಟ್ಟದ ದೊಡ್ಡ ಕುಳಗಳ ಮೂಲಕ ಡೆಲಿಗೇಟ್‌ಗಳನ್ನು ಸೇರಿಸಿಕೊಂಡರು. ಒಳಗೆ ಅವರಿಗೆ ಟಿಕೆಟ್, ಹೊರಗೆ ಶಿಕಾಗೋ ಬೀದಿಯಲ್ಲಿ ಪ್ರತಿಭಟನಕಾರರ ಮೇಲೆ ಪೊಲೀಸರ ಲಾಠಿ. ನವೆಂಬರ್‌ನಲ್ಲಿ ರಿಪಬ್ಲಿಕನ್ ಪಕ್ಷದ ನಿಕ್ಸನ್ ಗೆದ್ದರು. ಆ ಅವಮಾನ ಆದಮೇಲೆಯೇ ಡೆಮಾಕ್ರಾಟರು ನಿಯಮ ಬದಲಿಸಿ, ಡೆಲಿಗೇಟ್ ಆಯ್ಕೆಯನ್ನು ಮತದಾರರ ಕೈಗೆ ಕೊಟ್ಟಿದ್ದು. ಈಗ ಮುಂಚೂಣಿಯ ಅಭ್ಯರ್ಥಿ ಹೊರಟರೆ ಇಷ್ಟು ಗಲಿಬಿಲಿ ಆಗುವುದಕ್ಕೂ ಅದೇ ಕಾರಣ. ಮತದಾರ ಒಬ್ಬರನ್ನು ನೋಡಿ ಕಳಿಸಿದ ಡೆಲಿಗೇಟ್ ಇನ್ನೊಬ್ಬರಿಗೆ ಕೈ ಎತ್ತಬೇಕಾಗುತ್ತದೆ.

ಒಂದು ಮಾತು ಒಪ್ಪುತ್ತೇನೆ. ಉಪಾಧ್ಯಕ್ಷೆ ಆಗಿದ್ದರಿಂದ ಹ್ಯಾರಿಸ್‌ಗೆ ಒಂದು ಗಟ್ಟಿ ಲಾಭ ಇತ್ತು. ಅದು ದುಡ್ಡು. ಪ್ರಚಾರದ ಖಾತೆ ಬೈಡನ್ ಮತ್ತು ಹ್ಯಾರಿಸ್ ಇಬ್ಬರ ಹೆಸರಲ್ಲೂ ಇತ್ತು. ಜೂನ್ ಕೊನೆಗೆ ಅದರಲ್ಲಿ ಸುಮಾರು 9.6 ಕೋಟಿ ಡಾಲರ್. ಅದೇ ಭಾನುವಾರ ಖಾತೆಯ ಹೆಸರನ್ನು 'ಹ್ಯಾರಿಸ್ ಫಾರ್ ಪ್ರೆಸಿಡೆಂಟ್' ಅಂತ ಬದಲಿಸಿ ಚುನಾವಣಾ ಕಮಿಷನ್ನಿಗೆ ಅರ್ಜಿ ಹೋಯಿತು. ಮಿಶಿಗನ್ ಗವರ್ನರೋ ಕ್ಯಾಲಿಫೋರ್ನಿಯಾ ಗವರ್ನರೋ ಬಂದಿದ್ದರೆ ಆ ಹಣವನ್ನು ಹೀಗೆ ಎತ್ತಿ ಕೊಡಲು ಕಾನೂನು ಬಿಡುತ್ತಿರಲಿಲ್ಲ. ಲಾಭ ಬೇರೆ, ಹಕ್ಕು ಬೇರೆ. ಅಂಗಡಿಯ ಬೀಗದ ಕೈ ಗುಮಾಸ್ತರ ಹತ್ತಿರ ಇದೆ ಅಂದಮಾತ್ರಕ್ಕೆ ಅಂಗಡಿ ಅವರದಾಗುತ್ತದಾ?

ಸರಿ, ಪ್ರಶ್ನೆಯ ಮೊದಲ ಅರ್ಧಕ್ಕೆ ಬರೋಣ. ಪಕ್ಷ ಏನು ಮಾಡಬೇಕು? ಅದು ಕ್ಯಾಲೆಂಡರ್ ನೋಡಿ ಹೇಳಬೇಕಾದ ಮಾತು. ಪ್ರೈಮರಿ ಇನ್ನೂ ಬಾಕಿ ಇದ್ದರೆ ಯೋಚನೆಯೇ ಇಲ್ಲ, ಬೇರೆಯವರು ನಿಲ್ಲಲಿ, ಜನ ಆರಿಸಲಿ. ಅಧಿವೇಶನ ಮುಗಿದ ಮೇಲಾದರೆ ದಾರಿ ಇಕ್ಕಟ್ಟು. ಡೆಮಾಕ್ರಾಟರಲ್ಲಿ ರಾಷ್ಟ್ರೀಯ ಸಮಿತಿಯ ಕೆಲವು ನೂರು ಸದಸ್ಯರು, ರಿಪಬ್ಲಿಕನ್ನರಲ್ಲಿ 168 ಸದಸ್ಯರು ಕೂತು ಖಾಲಿ ಜಾಗ ತುಂಬುತ್ತಾರೆ. 1972ರಲ್ಲಿ ಇದು ನಡೆದಿದೆ, ಆದರೆ ಉಪಾಧ್ಯಕ್ಷ ಅಭ್ಯರ್ಥಿಯ ಜಾಗಕ್ಕೆ. ಥಾಮಸ್ ಈಗಲ್ಟನ್‌ಗೆ ಹಿಂದೆ ಖಿನ್ನತೆಗೆ ಶಾಕ್ ಚಿಕಿತ್ಸೆ ಆಗಿತ್ತು ಅಂತ ಹೊರಗೆ ಬಂತು. 'ಸಾವಿರ ಪರ್ಸೆಂಟ್ ಅವರ ಜೊತೆಗಿದ್ದೇನೆ' ಅಂದ ಡೆಮಾಕ್ರಾಟರ ಅಧ್ಯಕ್ಷ ಅಭ್ಯರ್ಥಿ ಮೆಕ್‌ಗವರ್ನ್ ಕೆಲವೇ ದಿನದಲ್ಲಿ ಅವರನ್ನು ಇಳಿಸಿದರು. ಸಮಿತಿ ಸಾರ್ಜೆಂಟ್ ಶ್ರೈವರ್ ಅವರನ್ನು ಆರಿಸಿತು.

2024ರದ್ದು ನಡುವಿನ ಸ್ಥಿತಿ. ಪ್ರೈಮರಿ ಮುಗಿದಿತ್ತು, ಅಧಿವೇಶನಕ್ಕೆ ನಾಲ್ಕು ವಾರ ಇತ್ತು. ಬ್ಯಾಲೆಟ್‌ಗೆ ಅಭ್ಯರ್ಥಿಯ ಹೆಸರು ಕೊಡಲು ಓಹಾಯೋ ರಾಜ್ಯದಲ್ಲಿದ್ದ ಗಡುವಿನ ತಕರಾರಿನಿಂದಾಗಿ ಆನ್‌ಲೈನ್ ಮತದಾನದ ಏರ್ಪಾಡು ಮೊದಲೇ ಆಗಿತ್ತು. ಪಕ್ಷ ಅದನ್ನೇ ಬಳಸಿಕೊಂಡಿತು. ನಿಲ್ಲುವ ಆಸೆ ಇದ್ದವರು ಹೆಸರು ಕೊಡಿ, 300 ಡೆಲಿಗೇಟ್‌ಗಳ ಸಹಿ ತನ್ನಿ, ಒಂದೇ ರಾಜ್ಯದಿಂದ 50ಕ್ಕಿಂತ ಜಾಸ್ತಿ ಬೇಡ ಅಂದಿತು. ಸಹಿ ತಂದವರು ಹ್ಯಾರಿಸ್ ಒಬ್ಬರೇ. ಆಗಸ್ಟ್ ಮೊದಲ ವಾರ ಮತದಾನ ನಡೆದು ಸುಮಾರು 99 ಪರ್ಸೆಂಟ್ ಅವರಿಗೇ ಬಿತ್ತು. ಶಿಕಾಗೋದಲ್ಲಿ ಆಗಸ್ಟ್ 19ರಿಂದ ನಡೆದದ್ದು ಹಬ್ಬ, ಆಯ್ಕೆ ಅಲ್ಲ.

ನಿಯಮದ ಪ್ರಕಾರ ಇದರಲ್ಲಿ ಹುಳುಕಿಲ್ಲ. ಹೀಗೇ ಮಾಡಬೇಕಿತ್ತಾ ಅಂದರೆ ನನ್ನ ಉತ್ತರ ಬೇರೆ. ಸಹಿ ತರಲು ಕೊಟ್ಟಿದ್ದು ಹತ್ತು ದಿನವೂ ಇಲ್ಲ. ಅಷ್ಟರಲ್ಲಿ ದೊಡ್ಡ ತಲೆಗಳೆಲ್ಲ ಒಂದೇ ಕಡೆ ಸಾಲು ನಿಂತಿದ್ದವು. ಹೊಸಬರು ಯಾವ ಧೈರ್ಯದಲ್ಲಿ ಕೈ ಎತ್ತಬೇಕು? ನನ್ನ ಪ್ರಕಾರ ಹೊರಡುವವರು ಎರಡನೇ ಪೋಸ್ಟ್ ಹಾಕಲೇಬಾರದು. ಕನಿಷ್ಠ ಎರಡು ವಾರ ಬಾಗಿಲು ತೆರೆದಿರಬೇಕು. ನಿಂತವರು ಡೆಲಿಗೇಟ್‌ಗಳ ಎದುರು ಎರಡು ಮೂರು ಸಲವಾದರೂ ಚರ್ಚೆ ಮಾಡಬೇಕು. ಆಮೇಲೆ ಮತ. ಆಗಲೂ ಹ್ಯಾರಿಸ್ ಅವರೇ ಗೆಲ್ಲುತ್ತಿದ್ದರು ಅನ್ನಿ, ಆದರೆ ಗೆದ್ದು ಬಂದಿದ್ದಾರೆ ಅಂತ ನನ್ನ ಅಕ್ಕನ ಮಗನೂ ಒಪ್ಪುತ್ತಿದ್ದ. ಪಕ್ಷ ಒಡೆಯುತ್ತದೆ, ಟೈಮ್ ಇಲ್ಲ ಅನ್ನುವವರ ಭಯ ಸುಳ್ಳಲ್ಲ. 1968ರ ಶಿಕಾಗೋ ಅವರ ಕಣ್ಣ ಮುಂದಿತ್ತು.

ಟೈಮ್ ಅಂದಾಗ ಇನ್ನೊಂದು ನೆನಪಾಯಿತು. ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಹೀಗಾದರೆ?

ನಮ್ಮ ಕಾನೂನು ಸಾವಿಗೆ ಕರಗುತ್ತದೆ, ಮನಸ್ಸು ಬದಲಾಯಿಸಿದವರಿಗೆ ಕರಗುವುದಿಲ್ಲ. 2018ರ ವಿಧಾನಸಭಾ ಚುನಾವಣೆ ನೆನಪಿಸಿಕೊಳ್ಳಿ. ಮೇ 12ಕ್ಕೆ ಮತದಾನ, ಮೇ 4ಕ್ಕೆ ಬೆಂಗಳೂರಿನ ಜಯನಗರದ ಬಿಜೆಪಿ ಅಭ್ಯರ್ಥಿ ಬಿ.ಎನ್. ವಿಜಯಕುಮಾರ್ ತೀರಿಕೊಂಡರು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿ ಸತ್ತರೆ ಮತದಾನವನ್ನೇ ಮುಂದಕ್ಕೆ ಹಾಕಿ, ಬೇರೆಯವರ ಹೆಸರು ಕೊಡಲು ಪಕ್ಷಕ್ಕೆ ಏಳು ದಿನ ಕೊಡುತ್ತಾರೆ. ಅವರ ತಮ್ಮ ನಿಂತರು. ಜೂನ್ 11ಕ್ಕೆ ಮತದಾನ ಆಯಿತು, ಕಾಂಗ್ರೆಸ್‌ನ ಸೌಮ್ಯಾ ರೆಡ್ಡಿ ಗೆದ್ದರು.

ಅದೇ ವರ್ಷ ನವೆಂಬರ್‌ನಲ್ಲಿ ರಾಮನಗರ ಉಪಚುನಾವಣೆ. ಮತದಾನಕ್ಕೆ ಎರಡು ದಿನ ಇರುವಾಗ ಬಿಜೆಪಿ ಅಭ್ಯರ್ಥಿ ಎಲ್. ಚಂದ್ರಶೇಖರ್ ಕಣ ಬಿಟ್ಟು ಕಾಂಗ್ರೆಸ್‌ಗೆ ವಾಪಸ್ ಹೋದರು. ನಾಮಪತ್ರ ಹಿಂದಕ್ಕೆ ಪಡೆಯುವ ದಿನ ಎಂದೋ ಮುಗಿದಿತ್ತು. ಪಕ್ಷ ಬೇರೆಯವರನ್ನು ನಿಲ್ಲಿಸುವ ಹಾಗಿಲ್ಲ, ಮತಯಂತ್ರದಿಂದ ಹೆಸರು ತೆಗೆಯುವ ಹಾಗೂ ಇಲ್ಲ. ತಾನೇ ಬೇಡ ಅಂದ ಮನುಷ್ಯನಿಗೆ ಹದಿನೈದು ಸಾವಿರಕ್ಕೂ ಹೆಚ್ಚು ವೋಟು ಬಿತ್ತು!

ಅಮೆರಿಕದಲ್ಲಿ ಮತದಾನದ ದಿನವಾದ ನವೆಂಬರ್‌ನ ಆ ಮಂಗಳವಾರ ಯಾರು ಸತ್ತರೂ ಮುಂದಕ್ಕೆ ಹೋಗುವುದಿಲ್ಲ. 2000ನೇ ಇಸವಿಯಲ್ಲಿ ಮಿಸೌರಿಯ ಗವರ್ನರ್ ಮೆಲ್ ಕಾರ್ನಹಾನ್ ಸೆನೆಟ್‌ಗೆ ನಿಂತಿದ್ದರು. ಮತದಾನಕ್ಕೆ ಮೂರು ವಾರ ಇರುವಾಗ ವಿಮಾನ ಅಪಘಾತದಲ್ಲಿ ಹೋದರು. ಬ್ಯಾಲೆಟ್‌ನಲ್ಲಿ ಅವರ ಹೆಸರೇ ಉಳಿಯಿತು, ಅವರೇ ಗೆದ್ದರು. ಆ ಜಾಗಕ್ಕೆ ಅವರ ಹೆಂಡತಿಯನ್ನು ನೇಮಿಸಿದರು.

ಅಧ್ಯಕ್ಷ ಚುನಾವಣೆಯಲ್ಲೂ ಒಮ್ಮೆ ಇಂಥದ್ದು ಆಗಿದೆ. 1872ರಲ್ಲಿ ಗ್ರಾಂಟ್ ಎದುರು ಸೋತ ಹೊರೇಸ್ ಗ್ರೀಲಿ, ಜನರ ಮತದಾನ ಮುಗಿದು, ಜನರ ಪರವಾಗಿ ಅಧ್ಯಕ್ಷರನ್ನು ಆರಿಸುವ ಎಲೆಕ್ಟರ್‌ಗಳು ಮತ ಹಾಕುವ ಮೊದಲೇ, ನವೆಂಬರ್ 29ರಂದು ತೀರಿಕೊಂಡರು. ಅವರ ಪಾಲಿನ 66 ಎಲೆಕ್ಟರ್‌ಗಳಲ್ಲಿ 63 ಮಂದಿ ಮನಸ್ಸಿಗೆ ಬಂದವರಿಗೆ ಮತ ಹಂಚಿದರು. ಜಾರ್ಜಿಯಾದ ಮೂವರು ಮಾತ್ರ ಗ್ರೀಲಿ ಹೆಸರಿಗೇ ಹಾಕಿದರು. ಅಮೆರಿಕದ ಸಂಸತ್ತು ಆ ಮೂರನ್ನು ಎಣಿಸಲಿಲ್ಲ.