ಸೀತಾಳೆ, ಕೊಳೆ ಮತ್ತು ಕೊಟ್ಟೆ

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಅಂಥ ಕಡೆ ಹಲಸಿನ ಮರ ಏರಿ ಕೂತ ಸೀತಾಳೆಗೂ (ಆರ್ಕಿಡ್ ಗಿಡಕ್ಕೂ) ನೀರಿನ ಚಿಂತೆ ಎಂದರೆ ನಂಬುವುದು ಕಷ್ಟ. ಆದರೆ ಅದರ ಬೇರು ಮಣ್ಣನ್ನೇ ಮುಟ್ಟುವುದಿಲ್ಲ. ಮಳೆ ಹೊಳವಾದರೆ ತೊಗಟೆ ಬೇಗ ಒಣಗುತ್ತದೆ. ದೀಪಾವಳಿ ಕಳೆದ ಮೇಲಂತೂ ತಿಂಗಳುಗಟ್ಟಲೆ ಬರೀ ಬಿಸಿಲು, ಇಬ್ಬನಿ.

ಬೇಸಿಗೆಯಲ್ಲಿ ಸೀತಾಳೆಯ ಬೇರು ನೋಡಿ, ಸುಣ್ಣ ಬಳಿದ ಹಾಗೆ ಬೆಳ್ಳಗಿರುತ್ತದೆ. ಒಂದು ಚೊಂಬು ನೀರು ಹೊಯ್ಯಿರಿ, ನೋಡನೋಡುತ್ತ ಹಸಿರಾಗುತ್ತದೆ. ಬೇರಿನ ಸುತ್ತ ಸತ್ತ ಕೋಶಗಳ ಸ್ಪಂಜಿನಂಥ ಹೊದಿಕೆ ಇದೆ. ಹೆಸರು ವೆಲಮೆನ್. ಒಣಗಿದಾಗ ಆ ಕೋಶಗಳಲ್ಲಿ ಗಾಳಿ ತುಂಬಿರುತ್ತದೆ, ಅದಕ್ಕೇ ಬಿಳಿ. ನೀರು ತುಂಬಿದರೆ ಹೊದಿಕೆ ಗಾಜಿನಂತಾಗಿ ಒಳಗಿನ ಹಸಿರು ಕಾಣುತ್ತದೆ. ಬಿದ್ದ ಮಳೆ ಜಾರಿ ಹೋಗುವ ಮೊದಲೇ ಹೀರಿಕೊಂಡು, ಆಮೇಲೆ ಒಳಗಿನ ಬೇರಿಗೆ ಕೊಡುವುದು ಅದರ ಕೆಲಸ.

ಅಲ್ಲಿನ ಅಡಿಕೆ ತೋಟದಲ್ಲಿ ಮಳೆಯನ್ನೇ ಕಾಯುವ ಇನ್ನೊಂದು ಜೀವ ಇದೆ. ಅಡಿಕೆಗೆ ಕೊಳೆ ರೋಗ ತರುವ ಫೈಟಾಫ್ಥೊರಾ. ಬೂಷ್ಟಿನ ಹಾಗೆ ಕಂಡರೂ ಇದು ಬೂಷ್ಟಲ್ಲ, ಕಂದು ಪಾಚಿಗಳ ದೂರದ ನೆಂಟ. ಇದರ ಕೆಲವು ಬೀಜಕಣಗಳಿಗೆ ಎರಡೆರಡು ಬಾಲ! ಮಳೆಹನಿ ಸಿಡಿದು ಬೀಜಕಣಗಳನ್ನು ಕಾಯಿಂದ ಕಾಯಿಗೆ ದಾಟಿಸುತ್ತದೆ. ಕಾಯಿಯ ಮೇಲೆ ನಿಂತ ತೆಳು ನೀರಿನಲ್ಲಿ ಬಾಲದವು ಈಜುತ್ತವೆ. ಮಲೆನಾಡಿನ ಆಷಾಢ ಯಾರಿಗಾದರೂ ಹೇಳಿ ಮಾಡಿಸಿದ್ದಿದ್ದರೆ ಅದು ಇದಕ್ಕೇ.

ನಮ್ಮ ಹಿರಿಯರಿಗೆ ಈ ಬಾಲದ ವಿಷಯ ಗೊತ್ತಿರಲಿಲ್ಲ. ಆದರೂ ಮಳೆಗಾಲ ಶುರುವಾಗುವ ಮುಂಚೆ ಮರ ಹತ್ತಿ, ಅಡಿಕೆ ಕೊನೆಗೆ (ಗೊನೆಗೆ) ಕರಡದ ಕೊಟ್ಟೆ, ಅಂದರೆ ಮಳೆ ತಾಗದ ಹಾಗೆ ಒಣಹುಲ್ಲಿನ ಹೊದಿಕೆ, ಕಟ್ಟುತ್ತಿದ್ದರು. ಈಜುವವನಿಗೆ ಕೆರೆಯೇ ಇಲ್ಲದ ಹಾಗೆ ಮಾಡುವ ಉಪಾಯ ಅದು. ಈಗ ಕೆಲವರು ಪ್ಲಾಸ್ಟಿಕ್ ಕೊಟ್ಟೆ ಕಟ್ಟುತ್ತಾರೆ.

1910ರ ಸುಮಾರಿಗೆ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗದ ಬೆನ್ನು ಹತ್ತಿದರು. ಬೋರ್ಡೋ ದ್ರಾವಣ ಎಂಬ ಔಷಧಿ ಇಲ್ಲಿನ ತೋಟಗಳಿಗೆ ಬಂದು ನಿಂತಿತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತದ ತಾಮ್ರ ಬೀಜಕಣಗಳನ್ನು ಕೊಲ್ಲುತ್ತದೆ. ಸುಣ್ಣ ಇಲ್ಲದಿದ್ದರೆ ಅದೇ ತಾಮ್ರ ಅಡಿಕೆಯನ್ನೂ ಸುಡುತ್ತದೆ. ಕಾಯಿಯೊಳಗೆ ಹೊಕ್ಕ ಕೊಳೆಯನ್ನು ಇದು ವಾಸಿ ಮಾಡುವುದಿಲ್ಲ. ಹಾಗಾಗಿ ಮುಂಗಾರು ಜೋರಾಗುವ ಮೊದಲು ಒಂದು ಸಲ, ಒಂದೂವರೆ ತಿಂಗಳಿಗೆ ಇನ್ನೊಂದು ಸಲ ಹೊಡೆಯಬೇಕು.

ಎರಡನೇ ಸಲದ್ದೇ ಪಜೀತಿ. ಮಳೆ ಹೊಳವಾಗಬೇಕು, ಮರ ಜಾರಬಾರದು, ಮರ ಹತ್ತುವ ಕೊನೆಗಾರ ಸಿಗಬೇಕು. ಮರ ಹತ್ತುವವರು ಕಡಿಮೆಯಾದ ಮೇಲೆ ಫೈಬರ್ ದೋಟಿ ಬಂತು. ನೆಲದಲ್ಲೇ ನಿಂತು ಔಷಧಿ ಹೊಡೆಯಬಹುದು. ದಿನವಿಡೀ ಮೇಲೆ ನೋಡಿ ಕತ್ತು ನೋಯುತ್ತದೆ, ಅದಕ್ಕಿನ್ನೂ ಯಾರೂ ಉಪಾಯ ಹುಡುಕಿಲ್ಲ.